ಅರ್ಧ ದಿನ, ಪೂರ್ತಿ ದಿನ: ಎಲ್‌ಕೆಜಿ, ಯುಕೆಜಿ ಎರಡು ವರ್ಷ ಕಂಡ ಮೇಲೆ

ಬೆಂಗಳೂರಿನ ಒಂದೇ ಶಾಲೆಯಲ್ಲಿ ಎಲ್‌ಕೆಜಿಗೆ ಅರ್ಧ ದಿನ (9ರಿಂದ 12.30), ಯುಕೆಜಿಗೆ ಪೂರ್ತಿ ದಿನ (9ರಿಂದ 3.30). ಎರಡೂ ಒಂದೊಂದು ವರ್ಷ ಆಯಿತು. ಪೂರ್ತಿ ದಿನ ಅಂದರೆ ಎರಡರಷ್ಟು ಪಾಠ ಅಂತ ತಿಳಿಯಬೇಡಿ. ಅಕ್ಷರ, ಎಣಿಕೆ, ಕಥೆ, ಹಾಡು ಎಲ್ಲ 12ರೊಳಗೇ ಮುಗಿಯುತ್ತದೆ. ಹೆಚ್ಚಿನ ಫೀಸು ಹೋಗುವುದು ಊಟ, ನಿದ್ದೆ, ಆಟಕ್ಕೆ. ಆದ್ದರಿಂದ ಶಾಲೆ ನೋಡಲು ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ 1.30ಕ್ಕೆ ಹೋಗಿ.

ಆಗ ಗಮನಿಸಬೇಕಾದ್ದು ನಿದ್ದೆ. 3–4 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ರಾತ್ರಿ 9.30ಕ್ಕೆ ಮಲಗಿ 6.30ಕ್ಕೆ ಏಳುವ ಮಗುವಿಗೆ ಸಿಗುವುದು 9 ಗಂಟೆ. ಉಳಿದದ್ದು ಮಧ್ಯಾಹ್ನವೇ ಆಗಬೇಕು. ಶಾಲೆಯಲ್ಲಿ ಮಲಗಿಸದಿದ್ದರೆ ಮಗು ವ್ಯಾನಿನಲ್ಲೇ ತೂಕಡಿಸಿ, ಮನೆಗೆ ಬಂದು 6ರವರೆಗೆ ನಿದ್ದೆ ಹೊಡೆಯುತ್ತದೆ. ರಾತ್ರಿ 11 ಆದರೂ ಕಣ್ಣು ಮುಚ್ಚುವುದಿಲ್ಲ, ಬೆಳಗ್ಗೆ ಎಬ್ಬಿಸಿದರೆ ರಂಪ. ಪರದೆ ಎಳೆದ ಕೋಣೆ, ಮಗುವಿಗೊಂದು ಚಾಪೆ ಇವೆಯೇ ನೋಡಿ. ನಿದ್ದೆ ಬಾರದ ಮಕ್ಕಳಿಗೆ ಬೇರೆ ಜಾಗವೂ ಬೇಕು. ಅವರನ್ನು ಒಂದು ಗಂಟೆ ಸುಮ್ಮನೆ ಮಲಗಿಸಿಡುವುದು ಶಿಕ್ಷೆಯೇ ಸರಿ. ಆ ಹೊತ್ತಿಗೆ ಟಿವಿ ಹಾಕಿ ಕೂರಿಸುವ ಶಾಲೆಯಾದರೆ ಖಂಡಿತ ಬೇಡ. ಕಾಪಿ ಬರೆಸುವುದೂ ಅಷ್ಟೇ. ದಣಿದ ಕೈ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಆಮೇಲೆ ಅದೇ ರೂಢಿ.

ಡಬ್ಬಿಯದ್ದು ಇನ್ನೊಂದು ಪಾಡು. 8ಕ್ಕೆ ಕಲಸಿದ ಸಾರನ್ನ 12.30ಕ್ಕೆ ಗಟ್ಟಿ ಮುದ್ದೆಯಾಗಿ ಹಾಗೇ ವಾಪಸ್ ಬರುತ್ತದೆ. ಅನ್ನ ಮೆತ್ತಗೆ ಮಾಡಿ, ಸಾರು ಸ್ವಲ್ಪ ಜಾಸ್ತಿಯೇ ಹಾಕಿ, ಮೇಲೆ ಒಂದು ಚಮಚ ತುಪ್ಪ. ಮೊಸರನ್ನಕ್ಕೆ ಬರೀ ಮೊಸರು ಬೇಡ: ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಒಂದು ಚಮಚ ಮೊಸರು ಸೇರಿಸಿದರೆ ಊಟದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ. ಡಬ್ಬಿ ಕೊಳ್ಳುವಾಗ ಮುಚ್ಚಳವನ್ನು ಮಗುವಿನ ಕೈಯಲ್ಲೇ ತೆಗೆಸಿ ನೋಡಿ. ಇಪ್ಪತ್ತು ಮಕ್ಕಳ ಮುಚ್ಚಳ ತೆಗೆಯುವಷ್ಟರಲ್ಲಿ ಆಯಾಗೆ ಊಟದ ಸಮಯವೇ ಕಳೆದುಹೋಗುತ್ತದೆ. ಎಲಾಸ್ಟಿಕ್ ಚಡ್ಡಿಯೇ ಇರಲಿ, ಬಟ್ಟೆ ಒಂದು ಜೊತೆ ಹೆಚ್ಚಿಗೆ ಕಳಿಸಿ.

ಅರ್ಧ ದಿನದ ಫೀಸು ಕಡಿಮೆ, ನಿಜ. ಆದರೆ 12.30ಕ್ಕೆ ಕರೆತರಲು ದಿನಾ ಒಬ್ಬರು ಬೇಕು. ಅಜ್ಜಿ ತಾತ ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ: ಬಿಸಿ ಊಟ, ಮನೆಯ ನಿದ್ದೆ, ಸಂಜೆ ಆಟ, ಬಾಯ್ತುಂಬ ಕನ್ನಡ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅರ್ಧ ದಿನದ ಜೊತೆಗೆ ಬೇರೆ ಡೇಕೇರ್, ನಡುವೆ ವ್ಯಾನು. ಖರ್ಚು ಪೂರ್ತಿ ದಿನದ್ದನ್ನೂ ಮೀರಬಹುದು. ಮಗುವಿಗೆ ದಿನಕ್ಕೆ ಎರಡು ಜಾಗ, ಎರಡು ಮಿಸ್. ಅದಕ್ಕಿಂತ ಪೂರ್ತಿ ದಿನ ಒಂದೇ ಕಡೆ ಇರುವುದು ವಾಸಿ.

ಮೂರೂವರೆ, ನಾಲ್ಕು ವರ್ಷಕ್ಕೆ ಅರ್ಧ ದಿನ ಧಾರಾಳ ಸಾಕು. ಯುಕೆಜಿ ಹೊತ್ತಿಗೆ ಬಹಳ ಮಕ್ಕಳಿಗೆ ಹಗಲು ನಿದ್ದೆ ತಾನಾಗಿ ಬಿಡುತ್ತದೆ, ಪೂರ್ತಿ ದಿನ ಒಗ್ಗುತ್ತದೆ. ಒಗ್ಗದಿದ್ದರೆ ದಸರಾ ರಜೆ ಮುಗಿದ ಮೇಲೆ ಅರ್ಧ ದಿನಕ್ಕೆ ಬದಲಾಯಿಸಲು ಬಿಡುತ್ತಾರಾ, ಉಳಿದ ಫೀಸು ವಾಪಸ್ ಕೊಡುತ್ತಾರಾ ಅಂತ ಅಡ್ಮಿಷನ್ ದಿನವೇ ಬರೆಸಿಕೊಳ್ಳಿ.