ನರ್ಸಿಂಗ್ ಹೋಮ್ ನೆಲಕ್ಕೆ ಯಾವುದು: ಗ್ರಾನೈಟಾ, ಮ್ಯಾಟ್ ಟೈಲ್ಸಾ, ವಿನೈಲಾ?

ಚಿಕ್ಕಬಳ್ಳಾಪುರದ ಕಡೆ ಹೊಸ ಕಟ್ಟಡ ಅಂದರೆ ಮೊದಲು ಗ್ರಾನೈಟ್ ಮಾತೇ ಬರುತ್ತದೆ. ಕಲ್ಲು ಹತ್ತಿರದಲ್ಲೇ ಸಿಗುತ್ತದೆ, ಗಟ್ಟಿ, ನೋಡಲೂ ಚಂದ. ಆದರೆ ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ನೀರು ಬಿದ್ದರೆ ಆ ಹೊಳಪಿನಲ್ಲಿ ಕಾಣುವುದೇ ಇಲ್ಲ. ಔಷಧಿ ಟ್ರೇ ಹಿಡಿದು ಓಡುವ ಸಿಸ್ಟರ್ ಕೆಳಗೆ ನೋಡಿಕೊಂಡು ನಡೆಯಲು ಆಗುತ್ತದಾ? ನಾನಾದರೆ ರಿಸೆಪ್ಷನ್‌ಗೂ ಹಾಕಿಸುವುದಿಲ್ಲ.

ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಕೊಳ್ಳುವಾಗ ಸುಮ್ನೆ 'ಆಂಟಿ ಸ್ಕಿಡ್' ಅನ್ನುವ ಮಾತು ನಂಬಬೇಡಿ, ಆರ್ ಸಂಖ್ಯೆ ಕೇಳಿ. ಎಣ್ಣೆ ಹಚ್ಚಿದ ಇಳಿಜಾರಿನ ಮೇಲೆ ಜನರನ್ನು ನಡೆಸಿ ನೋಡುವ ಜರ್ಮನ್ ಪರೀಕ್ಷೆಯ ಗುರುತು ಅದು. ಎಷ್ಟು ಇಳಿಜಾರಿನವರೆಗೆ ಕಾಲು ಜಾರಲಿಲ್ಲ ಅನ್ನುವುದನ್ನು ಅದು ಹೇಳುತ್ತದೆ: ಆರ್ 9 ಅಂದರೆ 6ರಿಂದ 10 ಡಿಗ್ರಿ, ಆರ್ 10 ಅಂದರೆ 10ರಿಂದ 19, ಆರ್ 11 ಅಂದರೆ 19ರಿಂದ 27. ವಾರ್ಡಿಗೆ ಆರ್ 10, ಬಾತ್‌ರೂಮಿಗೆ ಆರ್ 11 ನನ್ನ ಆಯ್ಕೆ. ಇನ್ನೂ ಒರಟಾದರೆ ಕೊಳೆ ಕೂರುತ್ತದೆ, ಆಯಾಗಳು ಬೈದುಕೊಳ್ಳುತ್ತಾರೆ.

ವಿನೈಲ್ ಶೀಟ್, ಅಂದರೆ ನೆಲಕ್ಕೆ ಅಂಟಿಸುವ ಪ್ಲಾಸ್ಟಿಕ್ ಹಾಸು, ಮೆತ್ತಗಿರುತ್ತದೆ. ಬಿದ್ದರೂ ಪೆಟ್ಟು ಸ್ವಲ್ಪ ಕಮ್ಮಿ, ದಿನವಿಡೀ ನಿಲ್ಲುವವರ ಕಾಲಿಗೂ ಹಿತ. ಜಾಯಿಂಟ್‌ಗಳನ್ನು ಬೆಸೆದರೆ ಸಂದೇ ಇರದು, ಆಪರೇಷನ್ ಥಿಯೇಟರ್‌ಗೆ ಚೆನ್ನ. ಆದರೆ ಕೆಳಗಿನ ನೆಲದಲ್ಲಿ ತೇವವಿದ್ದರೆ ಅಂಚು ಏಳುತ್ತದೆ, ಜಾರುವ ಬದಲು ಎಡವಿ ಬೀಳುವುದು ಶುರು.

ಯಾವುದೇ ಹಾಕಿಸಿ, ನಮ್ಮ ಬೋರ್‌ವೆಲ್ ಗಡಸು ನೀರನ್ನು ಮರೆಯಬೇಡಿ. ಸೋಪು ಹಾಕಿ ಒರೆಸಿದರೆ ಜಿಡ್ಡಿನಂಥ ಪದರ ಉಳಿಯುತ್ತದೆ. ಒಳ್ಳೆಯ ಟೈಲ್ಸೂ ಆಗ ಜಾರುತ್ತದೆ. ಕೊನೆಗೊಮ್ಮೆ ಬರೀ ನೀರಲ್ಲಿ ಒರೆಸಿಸಿ.