ಐವತ್ತೊಂಬತ್ತನೆಯ ಮಣಿ ಮತ್ತು ಒಂದು ಹಳೆಯ ಅಂಗಡಿ

ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ದೂರು ಒಂದೆರಡು ಹೇಳಲಿಕ್ಕಿದೆ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾದವನು ನಾನು. ಮಂಗಳೂರಿನ ಹಂಪನಕಟ್ಟೆಯ ಬಳಿ ಒಳರಸ್ತೆಯೊಂದರಲ್ಲಿ ಹಂಚಿನ ಮಾಡಿನ ಕಟ್ಟಡ. ಮುಂದಿನ ಗಾಜಿನ ಕಪಾಟಿನಲ್ಲಿ ಜಪಸರ, ಮೇಣದ ಬತ್ತಿ, ಶಿಲುಬೆ, ಪ್ರಾರ್ಥನೆಯ ಪುಸ್ತಕ. ಹಿಂದೆ, ಬೆಳಕು ಸರಿಯಾಗಿ ಬೀಳದ ಕಡೆ, ಮೂರು ಸಾಲು ಹಳೆಯ ಕನ್ನಡ, ಕೊಂಕಣಿ ಪುಸ್ತಕಗಳು. ನಡೆಸುವವರು ನಿವೃತ್ತ ಟೀಚರ್. ಗಿರಾಕಿಗಳೆಲ್ಲ ಅವರನ್ನು ಕೊಂಕಣಿಯಲ್ಲಿ ಗೌರವದಿಂದ ‘ಬಾಯಿ’ ಎಂದೇ ಕರೆಯುತ್ತಾರೆ.

ಮೊದಲು ದೂರು. ಆಟಿ ತಿಂಗಳಲ್ಲಿ 120 ರೂಪಾಯಿ ಕೊಟ್ಟು ಮರದ ಮಣಿಯ ಜಪಸರ ತಂದೆ. ರಾತ್ರಿ ತೇರ್ಸ್, ಅಂದರೆ ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆ, ಹೇಳುವಾಗ ಹತ್ತು ಮಣಿಗಳ ಎರಡನೆಯ ಗುಂಪಿನಲ್ಲಿ, ಎರಡನೆಯ ‘ಹತ್ತ’ರಲ್ಲಿ, ಬೆರಳು ಎಡವಿತು. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದ ಬೆರಳು ಇದು. ಕಟ್ಟಿನಲ್ಲಿ ಒಂದು ನೋಟು ಕಡಿಮೆಯಾದರೆ ಕಣ್ಣಿಗಿಂತ ಮೊದಲು ಇದಕ್ಕೆ ತಿಳಿಯುತ್ತದೆ. ಎದ್ದು ದೀಪ ಹಾಕಿ ಎಣಿಸಿದೆ. ನಮೋ ಮರಿಯಕ್ಕೆ 53, ಪರಲೋಕ ಮಂತ್ರಕ್ಕೆ 6, ಒಟ್ಟು 59 ಮಣಿ ಇರಬೇಕು. ಇದ್ದದ್ದು 58.

ಮರುದಿನ ಒಯ್ದು ಮೇಜಿನ ಮೇಲಿಟ್ಟೆ. “ಬ್ಯಾಂಕಿನವರಿಗೆ ಮಾರಿದ್ದೇ ನನ್ನ ತಪ್ಪು” ಎಂದರು ಬಾಯಿ. ಬದಲಿ ಜಪಸರ ಕೊಡಲಿಲ್ಲ. ಸಣ್ಣ ಇಕ್ಕಳ ತೆಗೆದು ತಂತಿ ಬಿಡಿಸಿ, ಡಬ್ಬಿಯಲ್ಲಿ ಹುಡುಕಿ, ಇನ್ನೊಂದು ಮಣಿ ಪೋಣಿಸಿದರು. ಕಪ್ಪು ಮಣಿಗಳ ನಡುವೆ ಕೆಂಚು ಬಣ್ಣದ್ದು, ಸ್ವಲ್ಪ ದೊಡ್ಡದು, ಒರಟು. ಗೊಣಗಿಕೊಂಡೇ ಮನೆಗೆ ಬಂದೆ. ಈಗ ಪ್ರತಿ ರಾತ್ರಿ ಬೆರಳು ಆ ಮಣಿಯಲ್ಲಿ ತಡೆಯುತ್ತದೆ, ಅದರೊಂದಿಗೆ ಸುಮ್ಮನೆ ಓಡುತ್ತಿದ್ದ ನಾಲಿಗೆಯೂ ತಡೆಯುತ್ತದೆ. ಮಂಗಳವಾರ, ಶುಕ್ರವಾರಗಳಂದು ಎರಡನೆಯ ಹತ್ತು ಯೇಸುವನ್ನು ಕೊರಡೆಯಿಂದ ಹೊಡೆಸಿದ ಧ್ಯಾನ. ಆ ಎರಡು ದಿನ ಒರಟು ಮಣಿಯ ಮೇಲೆ ಬೆರಳು ತುಸು ಹೆಚ್ಚೇ ಹೊತ್ತು ಇರುತ್ತದೆ. ಬದಲಿ ಕೊಡಿ ಎಂದು ಮತ್ತೆ ಕೇಳಿಲ್ಲ.

ಮೇಣದ ಬತ್ತಿಗಳಲ್ಲಿ ಅಗ್ಗದ್ದನ್ನು ಕೊಳ್ಳಬೇಡಿ, ಕಪ್ಪು ಹೊಗೆ ಬಿಡುತ್ತದೆ. ಜೇನುಮೇಣದ್ದು ಗಾತ್ರದಲ್ಲಿ ಅರ್ಧ, ಬೆಲೆಯಲ್ಲಿ ಎರಡು ಪಟ್ಟು. ಆದರೂ ಅದನ್ನೇ ತನ್ನಿ. ಈಸ್ಟರ್ ಜಾಗರಣೆಯ ರಾತ್ರಿ ದೊಡ್ಡ ಬತ್ತಿಯ ಮುಂದೆ ಹಾಡುವ ಘೋಷಣೆಯಲ್ಲಿ ಜೇನುಹುಳುಗಳ ದುಡಿಮೆಯ ಮಾತು ಬರುತ್ತದೆ. ಅಷ್ಟು ವರ್ಷ ನಿಂತು ಕೇಳಿದ್ದೆ, ಮೂಗಿಗೆ ತಲುಪಿರಲಿಲ್ಲ. ಮಳೆಗೆ ಕರೆಂಟು ಹೋದ ಒಂದು ಸಂಜೆ ಈ ಬತ್ತಿ ಹಚ್ಚಿದಾಗ ಕೋಣೆ ತುಂಬ ಜೇನುತಟ್ಟಿಯ ವಾಸನೆ ಹರಡಿತು. ಹಾಡಿನ ಆ ಸಾಲು ಆಗ ಅರ್ಥವಾಯಿತು.

ಇನ್ನು ಹಿಂದಿನ ಕಪಾಟು. ಅಲ್ಲಿ ನನಗೆ ಸಿಕ್ಕಿದ್ದು ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’, ಬೆಲೆ 60 ರೂಪಾಯಿ. ಯೇಸುವಿನ ಕಡೆಯ ದಿನದ ಕಾವ್ಯ ಅದು. 1883ರಲ್ಲಿ ಮಂಜೇಶ್ವರದಲ್ಲಿ ಹುಟ್ಟಿದ ಕವಿ ನಮ್ಮ ಮತದವರಲ್ಲ. ಬುದ್ಧನ ಕಡೆಯ ದಿನವನ್ನೂ ‘ವೈಶಾಖಿ’ಯಲ್ಲಿ ಬರೆದವರು. ಭಾಷೆ ಸುಲಭದ್ದಲ್ಲ. ಹಿಂದಿನ ಓದುಗರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆಯುತ್ತ ಹೋಗಿ ಹನ್ನೊಂದನೆಯ ಪುಟದಲ್ಲಿ ಕೈಬಿಟ್ಟಿದ್ದಾರೆ. ನಾನು ಬಿಡಲಿಲ್ಲ, ಅದಕ್ಕೆ ಕಾರಣವೂ ಈ ಅಂಗಡಿಯೇ. ಬಾಯಿಯ ಮೇಜಿನ ಮೇಲೆ ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ ನಿಘಂಟಿನ ಮರುಮುದ್ರಣ ಇದೆ, ಮಾರಲಿಕ್ಕಲ್ಲ, ಬಂದವರು ನೋಡಲಿಕ್ಕೆ. 1894ರಲ್ಲಿ ಈ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ನಿಘಂಟು ಅದು. ವಾರಕ್ಕೊಮ್ಮೆ ಚೀಟಿಯಲ್ಲಿ ಹತ್ತು ಹದಿನೈದು ಶಬ್ದ ಬರೆದುಕೊಂಡು ಹೋಗುತ್ತೇನೆ. ಏನನ್ನೂ ಕೊಳ್ಳದೆ ಮುಕ್ಕಾಲು ಗಂಟೆ ಕೂತರೂ ಅವರು ಏನೂ ಅನ್ನುವುದಿಲ್ಲ. ಒಂದು ಸ್ಟೂಲು ಕೊಡುತ್ತಾರೆ, ಅದರ ಒಂದು ಕಾಲು ಗಿಡ್ಡ.

ನಿಘಂಟಿನಿಂದ ಎಲ್ಲವೂ ಬಗೆಹರಿಯಲಿಲ್ಲ ಎನ್ನಿ. ಒಂದು ಶನಿವಾರ ಸಂಜೆ ಊಟದ ಮೇಜಿನ ಬಳಿ ಕೂತು ‘ಗೊಲ್ಗೊಥಾ’ವನ್ನೇ ಓದುತ್ತಿದ್ದೆ. ಪಕ್ಕದಲ್ಲಿ ಯೊವಾನ್ನನ ಸುವಾರ್ತೆಯ 19ನೆಯ ಅಧ್ಯಾಯ ತೆರೆದಿಟ್ಟಿದ್ದೆ. ಬಾಯಾರಿದೆ ಎಂದವನ ತುಟಿಗೆ ಹುಳಿರಸದಲ್ಲಿ ಅದ್ದಿದ ಸ್ಪಂಜು ಹಿಡಿಯುವ ಭಾಗ. ಅಷ್ಟರಲ್ಲಿ ಒಳಗೆ ಹೆಂಡತಿ ಭಾನುವಾರದ ಹಂದಿಮಾಂಸಕ್ಕೆಂದು ಶಿರ್ಕೊ (ವಿನೆಗರ್) ಬಾಟಲಿಯ ಬಿರಡೆ ತೆಗೆದಳು. ಆ ಘಾಟು ಮೂಗಿಗೆ ಹೊಡೆದು ದವಡೆಯ ಮೂಲೆಯಲ್ಲಿ ನೀರು ಒಸರಿತು, ಗಂಟಲು ಬಿಗಿಯಿತು. ಅರುವತ್ತು ವರ್ಷ ಶುಭ ಶುಕ್ರವಾರದಂದು ಕೇಳಿದ ಮಾತು. ಒಡೆದ ತುಟಿಯ ಮೇಲೆ ಈ ಹುಳಿ ಬಿದ್ದರೆ ಉರಿಯುತ್ತದಲ್ಲ ಎಂದು ಅದುವರೆಗೆ ಒಮ್ಮೆಯೂ ಹೊಳೆದಿರಲಿಲ್ಲ. ‘ಸವಿದು ನೋಡಿರಿ’ ಎಂದು 34ನೆಯ ಕೀರ್ತನೆ ಹೇಳುವುದು ಸಿಹಿಯನ್ನು ಮಾತ್ರ ಎಂದುಕೊಂಡಿದ್ದೆ. “ಏನು, ಊಟಕ್ಕೆ ಮೊದಲೇ ಕಣ್ಣೀರು?” ಎಂದಳು ಅವಳು. ಈರುಳ್ಳಿಯ ಮೇಲೆ ಹಾಕಿದೆ.

ಉಳಿದ ಸಂಗತಿಗಳು: ಮಳೆಗಾಲದಲ್ಲಿ ಹಿಂದಿನ ಗೋಡೆ ತೇವ ಹಿಡಿಯುತ್ತದೆ, ಕೆಳಸಾಲಿನ ಪುಸ್ತಕಗಳನ್ನು ಬಿಡಿಸಿ ನೋಡದೆ ತೆಗೆದುಕೊಳ್ಳಬೇಡಿ. ಅಲೋಶಿಯಸ್ ಚಾಪೆಲಿನ ಚಿತ್ರಗಳ ಕಾರ್ಡು ಬೇಡವೇ ಬೇಡ. ಇಟಲಿಯ ಚಿತ್ರಗಾರ ಮೊಸ್ಕೇನಿ ಬಿಡಿಸಿದ ಮೂಲವೇ ಬಾವುಟಗುಡ್ಡೆಯಲ್ಲಿ, ಅರ್ಧ ಫರ್ಲಾಂಗು ಹತ್ತಿದರೆ ಸಿಗುವಾಗ ಆ ಮಂಕು ಬಣ್ಣಕ್ಕೆ ದುಡ್ಡು ಯಾಕೆ? ಮೊಬೈಲಿನಲ್ಲಿ ಹಣ ಕಟ್ಟುವ ವ್ಯವಸ್ಥೆ ಇಲ್ಲ, ಚಿಲ್ಲರೆ ಒಯ್ಯಿರಿ.

ಕಿಟೆಲ್ ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ ತಂದ ‘ಕಥಾಮಾಲೆ’ಯ ಪ್ರತಿ ಸಿಕ್ಕೀತೇ ಎಂದು ಕೇಳಿದ್ದೇನೆ. ಬಾಯಿ ನನ್ನ ಫೋನ್ ನಂಬರನ್ನು ಮೇಣದ ಬತ್ತಿಯ ಪೆಟ್ಟಿಗೆಯ ಬೆನ್ನಿಗೆ ಬರೆದುಕೊಂಡರು. ಮೊನ್ನೆ ಹೋದಾಗ ಆ ಪೆಟ್ಟಿಗೆ ಕಾಣಲಿಲ್ಲ, ಯಾರಿಗೋ ಮಾರಿಯಾಗಿತ್ತು. ನಂಬರನ್ನು ಮತ್ತೆ ಕೊಟ್ಟು ಬಂದಿದ್ದೇನೆ.