ಕಲಬುರಗಿಯಲ್ಲಿ ಫೋನ್ ಡಿಸ್ಪ್ಲೇ ಹಾಕಿಸೋರು ದಯವಿಟ್ಟು ಇದನ್ನ ಓದಿ

ಸೂಪರ್ ಮಾರ್ಕೆಟ್ ಕಡೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನಗೆ ಮೋಸ ಆಗಿದೆ. ಒರಿಜಿನಲ್ ಅಂತ ದುಡ್ಡು ತಗೊಂಡು ಡುಪ್ಲಿಕೇಟ್ ಡಿಸ್ಪ್ಲೇ ಹಾಕಿದ್ದಾರೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೀತಿದ್ದೇನೆ.

ನನ್ನದು ಅಮೋಲೆಡ್ ಪರದೆಯ ಫೋನ್, ಅಂದರೆ ಪರದೆಯ ಒಂದೊಂದು ಚುಕ್ಕೆಯೂ ತಾನೇ ಬೆಳಗುವಂಥದ್ದು. ಕೈಜಾರಿ ಬಿದ್ದು ಮೇಲಿನ ಗಾಜು ಒಡೆದಿತ್ತು ಅಷ್ಟೇ. ಟಚ್ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. "ಪೂರಾ ಡಿಸ್ಪ್ಲೇನೇ ಬದಲಿ ಮಾಡಬೇಕಾಗ್ತದ್ರಿ, ಕಂಪನಿದೇ ಹಾಕ್ತೀವಿ, ಟೆನ್ಷನ್ ತಗೋಬ್ಯಾಡ್ರಿ" ಅಂದರು ಅಂಗಡಿಯವರು. 4,500 ರೂಪಾಯಿ ಕೊಟ್ಟೆ.

ಅವತ್ತು ರಾತ್ರಿ ಕರೆಂಟ್ ಹೋಯಿತು. ಕತ್ತಲಲ್ಲಿ ಫೋನ್ ತೆಗೆದು ನೋಡಿದರೆ, ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣದ ಬೆಳಕು. ಅಂಚಿನಲ್ಲಂತೂ ಇನ್ನೂ ಜಾಸ್ತಿ. ಅಮೋಲೆಡ್‌ನಲ್ಲಿ ಕಪ್ಪು ಅಂದರೆ ಆ ಜಾಗದ ಬೆಳಕೇ ಆರಿರುತ್ತದೆ. ಹಿಂದಿನಿಂದ ಬೆಳಕು ಬಿಡೋದು ಎಲ್‌ಸಿಡಿ ಅನ್ನೋ ಬೇರೆ ಥರದ ಪರದೆ. ಪರದೆ ಮೇಲೆ ಬೆರಳಿಟ್ಟರೆ ಲಾಕ್ ತೆಗೆಯಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಬೆರಳಚ್ಚು ಹಾಕಲು ಹೋದರೆ ಅದೂ ಆಗಲಿಲ್ಲ. ಪರದೆಯ ಕೆಳಗಿರುವ ಸೆನ್ಸರ್‌ಗೆ ಬೆರಳು ಕಾಣಬೇಕಲ್ವಾ? ಹಿಂದೆ ಬೆಳಕಿನ ಪದರ ಅಡ್ಡ ಇರೋ ಎಲ್‌ಸಿಡಿ ಹಾಕಿದರೆ ಹೇಗೆ ಕಾಣುತ್ತೆ? ಆಗಲೇ ಗೊತ್ತಾಯಿತು. ಸಿಟ್ಟಿಗೆ ನಿದ್ದೆನೇ ಬರಲಿಲ್ಲ.

ಬೆಳಿಗ್ಗೆ ಹೋಗಿ ಕೇಳಿದೆ. "ಸಾಫ್ಟ್‌ವೇರ್ ಪ್ರಾಬ್ಲಮ್ ಅದರಿ, ಅಪ್ಡೇಟ್ ಬಂದ ಮ್ಯಾಲ ತಾನೇ ಚಾಲೂ ಆಗ್ತದ." ಅಪ್ಡೇಟ್ ಬಂದರೆ ಎಲ್‌ಸಿಡಿ ಅಮೋಲೆಡ್ ಆಗುತ್ತಾ? ಕಪ್ಪು ಫೋಟೋ ತೆರೆದು, ಮೇಲೆ ಕೈ ಮರೆ ಮಾಡಿ, ಆ ಬೆಳಕು ತೋರಿಸಿದೆ. "ಎಲ್ಲಾ ಫೋನೂ ಹಂಗೇ ಇರ್ತಾವ್ರಿ." ಹೋಗಲಿ, ನನ್ನ ಹಳೇ ಡಿಸ್ಪ್ಲೇ ಕೊಡಿ ಅಂದೆ. "ಅದು ಕಸಕ್ಕ ಹೋತ್ರಿ." ಸುಳ್ಳು! ಒಳಗಿನ ಪ್ಯಾನೆಲ್ ಚೆನ್ನಾಗಿದ್ದರೆ ಗಾಜು ಮಾತ್ರ ಬದಲಿಸಿ ಮತ್ತೆ ಮಾರುತ್ತಾರೆ. ಅದನ್ನ ಯಾರು ಕಸಕ್ಕೆ ಹಾಕುತ್ತಾರೆ? ನನ್ನ ಒಳ್ಳೆ ಪ್ಯಾನೆಲ್ ಇಟ್ಟುಕೊಂಡು, ನನ್ನ ಕೈಯಿಂದಲೇ ದುಡ್ಡು ತಗೊಂಡು, ಅಗ್ಗದ್ದು ಹಾಕಿ ಕಳಿಸಿದ್ದಾರೆ. ಕೊನೆಗೆ, ಅಷ್ಟು ಗಿರಾಕಿಗಳ ಎದುರಿಗೆ, "ಬಿಲ್‌ನ್ಯಾಗ ಒರಿಜಿನಲ್ ಅಂತ ಎಲ್ಲಿ ಬರದೀವಿ ತೋರಸ್ರಿ" ಅಂದರು. ಬಿಲ್ಲಿನಲ್ಲಿ ಇದ್ದದ್ದು 'ಮೊಬೈಲ್ ರಿಪೇರಿ' ಅನ್ನೋ ಎರಡೇ ಪದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಾನೇ ಏನೋ ತಪ್ಪು ಮಾಡಿದವನ ಹಾಗೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಡಿಸ್ಪ್ಲೇ ಅಮೋಲೆಡ್ಡೋ ಎಲ್‌ಸಿಡಿಯೋ, ಒರಿಜಿನಲ್ಲೋ ಅಲ್ವೋ, ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯೋದಿಲ್ಲ ಅಂದರೆ ಎದ್ದು ಬನ್ನಿ. ಬೆರಳಚ್ಚು ಕೆಲಸ ಮಾಡೋದನ್ನ ಅಂಗಡಿಯಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ. ಬಿಚ್ಚಿದ ಹಳೇ ಡಿಸ್ಪ್ಲೇ ನಿಮ್ಮದು, ಕೇಳಿ ತಗೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದುಡ್ಡು ಬಂದರೂ ಸುಮ್ನಿರಲ್ಲ, ನನ್ನ ಹಳೇ ಡಿಸ್ಪ್ಲೇ ನನಗೆ ವಾಪಸ್ ಬೇಕು.